ಕುಮಾರ ಪರ್ವತಕ್ಕೆ ಹೋಗಿದ್ದೆ, ತುದಿ ಮುಟ್ಟಲಿಲ್ಲ



ಹದಿನೈದು ದಿನದಿಂದ ಏನೂ ಬರೆದಿಲ್ಲ ಅಂತ ಒಂದಿಬ್ಬರು ಫೋನ್ ಮಾಡಿ ಕೇಳಿದ್ರು. ಆರಾಮ ಇದೀನಿ. ಮೆಕ್ಕೆಜೋಳ ಮುರಿದು, ಒಣಗಿಸಿ, ಮಷಿನ್ನಿಗೆ ಹಾಕಿಸಿ ಮಾರಿದ್ದಾಯ್ತು. ಎರೆ ಹೊಲದಾಗೆ ಕಡಲೆ ಗೇಣುದ್ದ ಬಂದೈತಿ. ಇವತ್ತು ಬರೀತಿರೋದು ಹೊಲದ ಸುದ್ದಿ ಅಲ್ಲ, ಗುಡ್ಡದ ಸುದ್ದಿ. ಕೊನೆಗೆ ಹೊಲಕ್ಕೇ ಬರ್ತೀನಿ, ಸ್ವಲ್ಪ ತಾಳ್ಮೆಯಿಂದ ಓದ್ರಿ.

ಬೆಂಗಳೂರಲ್ಲಿ ಕೆಲಸಕ್ಕಿರೋ ನನ್ನ ಮಗ ಡಿಸೆಂಬರ್ ಮೊದಲ ವಾರ ಫೋನ್ ಮಾಡಿ, "ಅಪ್ಪ, ಕುಮಾರ ಪರ್ವತಕ್ಕೆ ಇಬ್ಬರಿಗೂ ಟಿಕೆಟ್ ಮಾಡ್ಸೀನಿ, ಬರ್ತೀಯಾ?" ಅಂದ. ನಮ್ಮಿಬ್ಬರ ನಡುವೆ 2024ರ ಬೇಸಿಗೆಯಿಂದ ಮಾತು ಕಡಿಮೆ ಆಗಿತ್ತು. ಕಾರಣ ಮುಂದೆ ಹೇಳ್ತೀನಿ. ಅವನೇ ಕರೆದ ಮೇಲೆ ಒಲ್ಲೆ ಅನ್ನೋಕೆ ಮನಸ್ಸಾಗಲಿಲ್ಲ.

ನಮ್ಮ ಹೋಬಳಿಯೋರಿಗೆ ಗುಡ್ಡ ಹೊಸದಲ್ಲ. ಉಚ್ಚಂಗಿದುರ್ಗ ನಮ್ಮ ಮಗ್ಗುಲಲ್ಲೇ ಐತಿ. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ದರ್ಶನಕ್ಕೆ ಚಿಕ್ಕಂದಿನಿಂದ ಬರಿಗಾಲಲ್ಲಿ ಹತ್ತಿದೋನು ನಾನು. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಉಚ್ಚಂಗಿಯ ಪಾಂಡ್ಯರಿಂದ ಆ ಕೋಟೆ ಗೆದ್ದು ಗಿರಿದುರ್ಗಮಲ್ಲ ಅಂತ ಬಿರುದು ಇಟ್ಕೊಂಡನಂತೆ. ಅರ್ಧ ತಾಸಿನಲ್ಲಿ ಮೇಲೆ ಹೋಗಿ ಕುಂಕುಮ ಹಚ್ಕೊಂಡು ಬರೋ ನನಗೂ ಆ ಬಿರುದು ಸಲ್ಲುತ್ತೆ ಅಂತ ಒಳಗೊಳಗೆ ಇತ್ತು. ಮೂರು ಎಕರೆ ಕುಂಟೆ ಹೊಡೆಯೋನಿಗೆ ಗುಡ್ಡ ಏನು ಲೆಕ್ಕ ಅಂತ ಮನೆಯಾಕಿಗೂ ಹೇಳಿದ್ದೆ. ಆಕಿ ಏನೂ ಅನ್ನಲಿಲ್ಲ, ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ ಕಟ್ಟಿ ಕೊಟ್ಟಳು. ಬಾಗಿಲಲ್ಲಿ ನಿಂತು "ಮೊಣಕಾಲು ನೋಡ್ಕೊಳ್ರಿ" ಅಂದಳು, ಅಷ್ಟೇ.

ದಾವಣಗೆರೆಯಲ್ಲಿ ರೈಲು ಹತ್ತಿ ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿದೆ. ನಮ್ಮ ಅರಸೀಕೆರೆಯಿಂದ ಹಾಸನದ ಅರಸೀಕೆರೆಗೆ ಹೋಗಿದ್ದು ಇದೇ ಮೊದಲು. ಎಲ್ಲಿಗೆ ಹೋದ್ರೂ "ಅರಸೀಕೆರೆ ಅಂದ್ರೆ ಹಾಸನದ್ದಾ?" ಅಂತ ಕೇಳ್ತಾರೆ, ಅಲ್ಲ ಹರಪನಹಳ್ಳಿದು ಅಂತ ಹೇಳಿ ಹೇಳಿ ಸಾಕಾಗಿತ್ತು. ಅಲ್ಲಿಂದ ಹಾಸನ, ಸಕಲೇಶಪುರ, ಗುಂಡ್ಯ ಮೇಲೆ ಬಸ್ಸಿಗೆ ಕುಕ್ಕೆ ಸುಬ್ರಹ್ಮಣ್ಯ ಮುಟ್ಟಿದಾಗ ರಾತ್ರಿ ಆಗಿತ್ತು. ಮಗ ಮೊದಲೇ ಬಂದು ರೂಮ್ ಹಿಡಿದಿದ್ದ.

ಹೋಗೋರಿಗೆ ಅನುಕೂಲ ಆಗ್ಲಿ ಅಂತ ಸ್ವಲ್ಪ ವಿವರ ಹೇಳ್ತೀನಿ. ಕುಮಾರ ಪರ್ವತ ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ ಬರುತ್ತೆ, ಪುಷ್ಪಗಿರಿ ಅಂತಲೂ ಅದನ್ನೇ ಕರೀತಾರೆ. ಎತ್ತರ 1,712 ಮೀಟರ್. ಬೋರ್‌ವೆಲ್ ಕೊರೆಸಿದ ನಮ್ಮಂಥೋರಿಗೆ ಅಡಿ ಲೆಕ್ಕದಲ್ಲಿ ಹೇಳಿದ್ರೇನೇ ತಿಳಿಯೋದು. ಸುಮಾರು 5,600 ಅಡಿ. ನಾವು ಅಡಿ ಎಣಿಸೋದು ಯಾವಾಗಲೂ ಕೆಳಕ್ಕೆ, ಇಲ್ಲಿ ಮೇಲಕ್ಕೆ ಎಣಿಸಬೇಕು. ಕುಕ್ಕೆ ಊರು ಬಹಳ ತಗ್ಗಿನಲ್ಲಿರೋದ್ರಿಂದ ಅಲ್ಲಿಂದ ಹೊರಟ್ರೆ 5,000 ಅಡಿಗೂ ಮೇಲೆ ನಿಮ್ಮ ಕಾಲೇ ಹತ್ತಬೇಕು. ಹೋಗಿ ಬರೋಕೆ 25 ಕಿಲೋಮೀಟರ್ ಹತ್ತಿರ ಆಗುತ್ತೆ. ಸೋಮವಾರಪೇಟೆ ಕಡೆ ಬೀದಳ್ಳಿಯಿಂದಲೂ ದಾರಿ ಐತಿ, ಅದು ಹತ್ತಿರದ್ದು. ಮೊದಲ ಸಲ ಹೋಗೋ ವಯಸ್ಸಾದೋರು ಆ ದಾರಿ ಹಿಡಿಯೋದು ಒಳ್ಳೇದು ಅಂತ ಈಗ ಅನ್ನಿಸ್ತೈತಿ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಒಮ್ಮೆಲೇ ವಿಪರೀತ ಜನ ಬಂದು, ಗುಡ್ಡದ ಮೇಲೆ ಜಾತ್ರೆ ಥರ ಸಾಲು ನಿಂತ ಫೋಟೋ ನೀವೂ ನೋಡಿರ್ತೀರಿ. ಆಮೇಲೆ ಆನ್‌ಲೈನ್ ಟಿಕೆಟ್ ಕಡ್ಡಾಯ ಆಯ್ತು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಬಂತು. ಮೇಲೆ ಟೆಂಟ್ ಹಾಕಿ ಉಳಿಯೋಹಂಗಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ತಾರೆ. ಹಂಗಾಗಿ ಒಂದೇ ಹಗಲಲ್ಲಿ ಹತ್ತಿ ಇಳಿದು ಮುಗಿಸಬೇಕು. ಡಿಸೆಂಬರ್ ಹಗಲು ಚಿಕ್ಕದು ಅನ್ನೋದು ರೈತರಿಗೆ ಹೇಳಬೇಕಾಗಿಲ್ಲ.

ಬೆಳಿಗ್ಗೆ 6.15ಕ್ಕೆ ಹೊರಟ್ವಿ. ಇಬ್ಬರ ಹತ್ರ ತಲಾ ಮೂರು ಲೀಟರ್ ನೀರು, ಓಆರ್‌ಎಸ್ ಪ್ಯಾಕೆಟ್, ಬ್ಯಾಟರಿ, ರೊಟ್ಟಿ ಗಂಟು. ಮಗ ಹೊಸ ಶೂ ತಂದಿದ್ದ. ಹೊಸ ಶೂ ಕಚ್ಚುತ್ತೆ ಅಂತ ನಾನು ಹೊಲಕ್ಕೆ ಹಾಕೋ ಹಳೇ ಕ್ಯಾನ್ವಾಸ್ ಶೂನೇ ಹಾಕ್ಕೊಂಡೆ. ಹೊರಡೋ ಮುಂಚೆ ಅವನು ಮೊಬೈಲಲ್ಲಿ ಬರ್ಕೊಂಡಿದ್ದು ತೋರಿಸಿದ: "ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ರೂ ವಾಪಸ್." ಆ ಮಾತು ನೆನಪಿಟ್ಕೊಳ್ರಿ.

ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಮರದ ಬೇರುಗಳೇ ಮೆಟ್ಟಿಲು. ಮೇಲೆ ಆಕಾಶ ಕಾಣಲ್ಲ. ಬಿಸಿಲಿಲ್ಲ, ಆರಾಮ ಹೋಗಬಹುದು ಅಂದ್ಕೊಂಡಿದ್ದೆ. ಅರ್ಧ ತಾಸಿಗೆ ಅಂಗಿ ಹಿಂಡಿದ್ರೆ ನೀರು ಸುರಿಯೋಹಂಗಾಯ್ತು. ನಮ್ಮ ಬಯಲುಸೀಮೆ ಬಿಸಿಲು ಎಷ್ಟೇ ಇರ್ಲಿ, ಬೆವರು ಬಂದಂಗೇ ಗಾಳಿಗೆ ಆರುತ್ತೆ, ಮೈ ತಂಪಾಗುತ್ತೆ. ಅಲ್ಲಿ ಗಾಳಿಯೇ ಒದ್ದೆ. ಬೆವರು ಆರೋದೇ ಇಲ್ಲ. ಆರದಿದ್ರೆ ಮೈ ತಂಪಾಗಲ್ಲ, ತಂಪಾಗದಿದ್ರೆ ಇನ್ನಷ್ಟು ಬೆವರುತ್ತೆ. ನೀರಿನ ಜೊತೆ ಉಪ್ಪೂ ಹೋಗುತ್ತೆ. ಬರೀ ನೀರು ಕುಡೀತಾ ಹೋದ್ರೆ ಸಾಲದು, ಉಪ್ಪು ಸಕ್ಕರೆನೂ ಬೇಕು. ಇದು ಗೊತ್ತಿಲ್ಲದೆ ಒಂದೇ ಬಾಟಲಿ ಹಿಡ್ಕೊಂಡು ಬಂದ ಹುಡುಗರು ದಾರಿಯಲ್ಲೇ ಕುಂತಿದ್ರು.

ಭೀಮನ ಬಂಡೆ ದಾಟಿ ಗಿರಿಗದ್ದೆ ಭಟ್ಟರ ಮನೆ ಮುಟ್ಟಿದಾಗ 9 ಗಂಟೆ. ಕಾಡಿನ ನಡುವೆ ಒಂದು ಮನೆ, ಅಡಿಕೆ ತೋಟ. ಚಾರಣದೋರಿಗೆ ವರ್ಷಾನುಗಟ್ಟಲೆಯಿಂದ ಊಟ ಹಾಕ್ತಾ ಬಂದ ಮನೆ ಅದು. ನಾನು ಮಾತ್ರ ಊಟ ಬಿಟ್ಟು ತೋಟ ನೋಡ್ತಾ ನಿಂತೆ. ನೀರು ತಾನಾಗೇ ಮೇಲಿಂದ ಇಳಿದು ಬರ್ತೈತಿ. ಮೋಟ್ರಿಲ್ಲ, ಕರೆಂಟ್ ಕಾಯೋದಿಲ್ಲ. ನಮ್ಮ ಅರ್ಧ ಎಕರೆ ಅಡಿಕೆ ಗಿಡ ಕಣ್ಣ ಮುಂದೆ ಬಂತು. ಮಗ "ಅಪ್ಪ, ಟೈಮ್ ಆಗ್ತೈತಿ" ಅಂದ.

ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಟಿಕೆಟ್ ನೋಡಿ, ಬ್ಯಾಗ್ ತೆಗೆಸಿ ಪ್ಲಾಸ್ಟಿಕ್ ಎಷ್ಟೈತಿ ನೋಡಿ ಬಿಡ್ತಾರೆ. ಚೆಕ್‌ಪೋಸ್ಟ್ ದಾಟಿದ ಮೇಲೆ ಕಾಡು ಮುಗೀತು, ಬರೀ ಹುಲ್ಲಿನ ಗುಡ್ಡ. ಒಂದು ಗಿಡದ ನೆರಳೂ ಇಲ್ಲ. ಒಂದು ದಿಬ್ಬ ಹತ್ತಿದ್ರೆ ಇದೇ ತುದಿ ಅನ್ನಿಸ್ತೈತಿ, ಹತ್ತಿ ನೋಡಿದ್ರೆ ಹಿಂದೆ ಇನ್ನೊಂದು ದಿಬ್ಬ. ಹಂಗೇ ನಾಲ್ಕೈದು. ಕಲ್ಲು ಮಂಟಪಕ್ಕೆ ಬಂದಾಗ 11.30. ನಾಲ್ಕು ಕಲ್ಲುಕಂಬದ ಆ ಮಂಟಪದ ನೆರಳಲ್ಲಿ ರೊಟ್ಟಿ ಬಿಚ್ಚಿದ್ವಿ. ಪಕ್ಕದಲ್ಲಿದ್ದ ಮಂಗಳೂರು ಕಡೆ ಹುಡುಗರಿಗೂ ಕೊಟ್ಟೆ. "ಅಂಕಲ್, ಇದು ಹಪ್ಪಳವಾ?" ಅಂದ್ರು. ಮಗ ನಕ್ಕ. ಎಷ್ಟು ದಿನದ ಮೇಲೆ ಅವನು ನಗೋದು ನೋಡಿದ್ದು.

ಮಂಟಪದಿಂದ ಶೇಷ ಪರ್ವತದ ಏರು ನನ್ನ ಉಸಿರು ಕಿತ್ತಿತು. ಇಪ್ಪತ್ತು ಹೆಜ್ಜೆ, ನಿಲ್ಲು. ಇಪ್ಪತ್ತು ಹೆಜ್ಜೆ, ನಿಲ್ಲು. ಬಲಗಾಲ ಮೊಣಕಾಲು ಒಳಗೆ ಯಾರೋ ಮೊಳೆ ಬಡಿದಂಗೆ. ಮಗನಿಗೆ ಹೇಳಲಿಲ್ಲ. ಗಿರಿದುರ್ಗಮಲ್ಲ ಅಲ್ವಾ ನಾನು!

ಶೇಷ ಪರ್ವತದ ನೆತ್ತಿ ಮುಟ್ಟಿದಾಗ 1.10. ಹಾವಿನ ಹೆಡೆ ಎತ್ತಿದಂಗೆ ಕಾಣೋ ಗುಡ್ಡ ಅದು, ಅದಕ್ಕೇ ಆ ಹೆಸರು. ಅಂಚಿನಲ್ಲಿ ನಿಂತ್ರೆ ಕೆಳಗೆ ಪ್ರಪಾತ, ಮೋಡ ನಮಗಿಂತ ಕೆಳಗೆ. ಇದೇ ಗುಡ್ಡಸಾಲಲ್ಲಿ ಹುಟ್ಟೋ ಕುಮಾರಧಾರೆ ಕುಕ್ಕೆ ಮುಂದೆ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ, ಮಂಗಳೂರಲ್ಲಿ ಸಮುದ್ರ ಸೇರುತ್ತೆ. ಎದುರಿಗೆ, ಸ್ವಲ್ಪ ಇಳಿದು ಮತ್ತೆ ಹತ್ತಿದ್ರೆ, ಕುಮಾರ ಪರ್ವತದ ತುದಿ. ಕಣ್ಣಿಗೆ ಕಾಣ್ತೈತಿ. ಮೇಲೆ ನಿಂತ ಜನ ಇರುವೆ ಥರ ಕಾಣ್ತಾರೆ.

ನಾನು ಕಲ್ಲ ಮೇಲೆ ಕುಂತು ಟೈಮ್ ನೋಡಿದೆ. ಮಗ ತುದಿ ಕಡೆ ನೋಡ್ತಾ ನಿಂತಿದ್ದ.

"ಅಪ್ಪ, ಇನ್ನೊಂದು ತಾಸು ಅಷ್ಟೇ. ಇಷ್ಟು ದೂರ ಬಂದೀವಿ. ಕಣ್ಮುಂದೆ ಐತಿ."

ಆ ಮಾತು ಕೇಳಿದ ಕೂಡಲೇ ನನಗೆ ಗುಡ್ಡ ಮರೆತೇ ಹೋಯ್ತು. ಬೋರ್ ಲಾರಿಯ ಶಬ್ದ ಕಿವಿಯೊಳಗೆ ಬಂತು.

ಈಗ ಆ ಕಾರಣ ಹೇಳ್ತೀನಿ. 2023ರ ಬರ ನಿಮಗೆಲ್ಲ ಗೊತ್ತು. ನಮ್ಮ ಹಳೇ ಬೋರು ಎರಡೂ ನಿಂತ್ವು. ಅರ್ಧ ಎಕರೆ ಅಡಿಕೆ ಗಿಡ ನಾಲ್ಕು ವರ್ಷದ್ದು, ಒಣಗೋಕೆ ಬಿಡೋಕೆ ಮನಸ್ಸು ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ಮೂರನೇ ಬೋರು ಹಾಕಿಸಿದೆ. ನನ್ನ ಹತ್ರ ಇದ್ದಿದ್ದು ಸ್ವಲ್ಪ, ಉಳಿದ 90 ಸಾವಿರ ಮಗ ಕೊಟ್ಟ. ಅವನು ಮೂರು ವರ್ಷ ಕೂಡಿಟ್ಟ ದುಡ್ಡು ಅದು. ಕೊಡೋವಾಗ ಒಂದೇ ಮಾತು ಹೇಳಿದ್ದ, "450 ಅಡಿಗೆ ಬರದಿದ್ರೆ ನಿಲ್ಸಿಬಿಡಪ್ಪ." ಹೂಂ ಅಂದಿದ್ದೆ.

350 ಅಡಿಗೆ ಸ್ವಲ್ಪ ಹಸಿ ಮಣ್ಣು ಬಂತು. 450ಕ್ಕೆ ಏನಿಲ್ಲ. ಬೋರಿನೋನು "ಅಣ್ಣಾರೇ, ಇನ್ನೊಂದು ನೂರಡಿ ಬಿಡ್ರಿ, ಇಷ್ಟು ಹಾಕೀರಿ, ಇಲ್ಲಿಗೆ ಬಿಟ್ರೆ ಹಾಕಿದ್ದೆಲ್ಲ ಮಣ್ಣು" ಅಂದ. 550. "ಇನ್ನೊಂದು ನೂರು." ಕೆಳಗೆ ಹೋದಂಗೆಲ್ಲ ಅಡಿ ರೇಟೂ ಏರ್ತೈತಿ. ನಡುರಾತ್ರಿ 720 ಅಡಿಗೆ ರಾಡ್ ಮುಗೀತು. ಬಂದಿದ್ದು ಬೂದಿಯಂಥ ಬಿಳಿ ಧೂಳು. ಮನೆಯಾಕಿ ಸೆರಗು ಮುಖಕ್ಕೆ ಅಡ್ಡ ಹಿಡ್ಕೊಂಡು ನಿಂತಿದ್ದಳು, ಧೂಳಿಗೋ ಅಳುವಿಗೋ ನಾನು ಕೇಳಲಿಲ್ಲ. ಬೋರಿನೋನನ್ನು ಬೈಯೋದು ಸುಲಭ. ಆದ್ರೆ ಪ್ರತಿ ಸಲ ತಲೆ ಆಡಿಸಿದ್ದು ನಾನೇ. ಮಗನಿಗೆ ಮರುದಿನ ಫೋನ್ ಮಾಡಿದೆ. ಎಷ್ಟು ಅಡಿ ಅಂತ ಕೇಳಿದ. 720 ಅಂದೆ. ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ "ಇರ್ಲಿ ಬಿಡು" ಅಂದ. ಅವನು ಬೈದಿದ್ರೆ ಚೆನ್ನಾಗಿತ್ತು.

ಶೇಷ ಪರ್ವತದ ಮೇಲೆ ಕುಂತು ಲೆಕ್ಕ ಹಾಕಿದೆ. ಹೋಗೋಕೆ ಒಂದು ತಾಸು, ವಾಪಸ್ ಇಲ್ಲಿಗೆ ಬರೋಕೆ ಒಂದು ತಾಸು. ಆಗ 3 ಗಂಟೆ ದಾಟಿರುತ್ತೆ. ಇಲ್ಲಿಂದ ಕುಕ್ಕೆಗೆ ಇನ್ನೂ ಹತ್ತು ಕಿಲೋಮೀಟರ್ ಮೇಲೆ ಇಳೀಬೇಕು. ಕೊನೆಯ ಕಾಡು ಪೂರ್ತಿ ಕತ್ತಲಲ್ಲಿ. ಮೊಣಕಾಲು ಈಗಲೇ ಹಿಂಗೈತಿ.

"ಲೇ ತಮ್ಮಾ, 1 ಗಂಟೆ ಅಂತ ನೀನೇ ಬರೆದೀಯ. ಇಲ್ಲಿಗೆ ಸಾಕು" ಅಂದೆ.

"ನೀ ಇಲ್ಲೇ ಕುಂತಿರು, ನಾ ಓಡಿ ಹೋಗಿ ಬರ್ತೀನಿ" ಅಂದ. ಒಬ್ಬನನ್ನ ಒಬ್ಬ ಬಿಟ್ಟು ಹೋಗೋದು ಬೇಡ ಅಂದೆ. ಅವನು ಮುಖ ಬಿಗಿ ಮಾಡ್ಕೊಂಡ. ಹಿಂದೆ ಬಂದ ಹುಡುಗರೆಲ್ಲ ನಮ್ಮನ್ನ ದಾಟಿ ತುದಿ ಕಡೆ ಹೋದ್ರು. ಅವರು ಹೋಗೋದು ನೋಡ್ತಾ ಹಿಂದೆ ತಿರುಗೋದು ಅಷ್ಟು ಸುಲಭ ಅಲ್ಲ, ಸ್ನೇಹಿತರೇ. ನನಗೂ ಆಸೆ ಇತ್ತು. 1.20ಕ್ಕೆ ತಿರುಗಿದ್ವಿ.

ಇಳಿಯೋದು ಸುಲಭ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ್ರಿ. ಬಂಡಿ ಹೊಡೆದೋರಿಗೆ ಗೊತ್ತು, ಏರಿನಲ್ಲಿ ಎತ್ತು ಎಳೀತಾವೆ, ಇಳಿಜಾರಿನಲ್ಲಿ ಬಂಡಿಯೇ ಎತ್ತಿನ ಮೈಮೇಲೆ ಬರುತ್ತೆ. ಆಗ ಕುತ್ತಿಗೆಯಲ್ಲಿ ತಡೆದು ಹಿಡಿಯೋದಕ್ಕೇ ಜಾಸ್ತಿ ಕಸುವು ಬೇಕು. ಕಾಲೂ ಹಂಗೇ. ಪ್ರತಿ ಹೆಜ್ಜೆಗೂ ಮೈಭಾರ ಪೂರ್ತಿ ತೊಡೆಯ ಮುಂಭಾಗ ಮತ್ತೆ ಮೊಣಕಾಲ ಮೇಲೆ ಬಿದ್ದು ಬ್ರೇಕ್ ಹಿಡಿದಂಗೆ. ಕಲ್ಲು ಮಂಟಪ ದಾಟೋದರೊಳಗೆ ತೊಡೆ ನಡುಗೋಕೆ ಶುರು ಆದ್ವು. ಹಳೇ ಶೂ ಒಳಗೆ ಬೆರಳು ಮುಂದಕ್ಕೆ ಬಡಿದು ಬಡಿದು ಹೆಬ್ಬೆರಳ ಉಗುರು ಕಪ್ಪಾಯ್ತು. ಹುಲ್ಲಿನ ಮೇಲೆ ಸಣ್ಣ ಕಲ್ಲು ಜಾರಿ ಎರಡು ಸಲ ಕುಂತುಬಿಟ್ಟೆ. ಎರಡನೇ ಸಲ ಮಗ ತಿರುಗಿ ನೋಡಿ, ಏನೂ ಮಾತಾಡದೆ ನನ್ನ ಬ್ಯಾಗ್ ಕಿತ್ಕೊಂಡು ತನ್ನ ಎದೆಗೆ ಹಾಕ್ಕೊಂಡ. ಎಲ್ಲಿಂದಲೋ ಒಂದು ಕೋಲು ಹುಡುಕಿ ತಂದ.

ಭಟ್ಟರ ಮನೆ ಹತ್ರ ಬಂದಾಗ 4.15. ಮಜ್ಜಿಗೆ ಕುಡಿದು ಅಂಗಳದಲ್ಲಿ ಕಾಲು ಚಾಚಿ ಕುಂತ್ವಿ. ಬಿಸಿಲು ಇಳೀತಿತ್ತು. ಮಗ ಅಡಿಕೆ ಮರ ನೋಡ್ತಾ ಕೇಳಿದ, "ಅಪ್ಪ, ಆವತ್ತು ಯಾಕೆ ನಿಲ್ಲಿಸಲಿಲ್ಲ?"

ಯಾವತ್ತು ಅಂತ ನಾನು ಕೇಳಬೇಕಾಗಿರಲಿಲ್ಲ.

"ನಿಲ್ಲಿಸಿದ್ರೆ ಅಲ್ಲೀತನಕ ಹಾಕಿದ್ದು ಹೋಯ್ತಲ್ಲ ಅಂತ ಹೆದರಿಕಿ ಆತಪ್ಪಾ. ನಿನ್ನ ದುಡ್ಡು. ಹೆಂಗಾರ ಮಾಡಿ ನೀರು ತೋರಿಸಬೇಕು ಅಂತ. ತಪ್ಪು ನಂದೇ" ಅಂದೆ.

ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ "ಕಾಲು ಕೊಡು" ಅಂತ ನನ್ನ ಶೂ ಬಿಚ್ಚಿ, ಉಗುರಿಗೆ ಬಟ್ಟೆ ಸುತ್ತಿ, ಲೇಸ್ ಬಿಗಿಯಾಗಿ ಕಟ್ಟಿದ. ಇಳಿಯೋವಾಗ ಪಾದದ ಹತ್ರ ಲೇಸ್ ಬಿಗಿ ಇದ್ರೆ ಬೆರಳು ಮುಂದಕ್ಕೆ ಹೋಗಿ ಬಡಿಯೋದು ಕಡಿಮೆಯಾಗುತ್ತೆ, ಇದು ನಿಮಗೂ ಗೊತ್ತಿರ್ಲಿ.

ಕೊನೆಯ ಕಾಡು ಇಳಿಯೋದರೊಳಗೆ ಕತ್ತಲಾಯ್ತು. ಕುಕ್ಕೆ ಮುಟ್ಟಿದಾಗ 6.40. ಕೊನೆಯ ಕಾಲು ತಾಸು ಬ್ಯಾಟರಿ ಬೆಳಕಲ್ಲಿ ಬೇರು ಹುಡುಕ್ಕೊಂಡು ಇಳಿದ್ವಿ. ಆ ಕಾಲು ತಾಸೇ ಸಾಕಾಯ್ತು ನನಗೆ. ತುದಿಗೆ ಹೋಗಿ ಬಂದಿದ್ರೆ ಹಂಗೇ ಎರಡು ತಾಸು ಇಳೀಬೇಕಿತ್ತು, ಆ ಮೊಣಕಾಲಲ್ಲಿ. ನಮ್ಮನ್ನ ದಾಟಿ ತುದಿಗೆ ಹೋದ ಹುಡುಗರಲ್ಲಿ ಸುಮಾರು ಜನ ನಮಗಿಂತ ಮುಂಚೆನೇ ಇಳಿದು ಹೋಟೆಲಲ್ಲಿ ಕುಂತಿದ್ರು ಅನ್ನೋದನ್ನೂ ಹೇಳಿಬಿಡ್ತೀನಿ. ಅವರ ಕಾಲು ಬೇರೆ, ನನ್ನ ಕಾಲು ಬೇರೆ. ಮಗ ಒಬ್ಬನೇ ಆಗಿದ್ರೆ ಅವನೂ ಆರಾಮ ಹೋಗಿ ಬರ್ತಿದ್ದ. ಅದು ನನ್ನ ಮನಸ್ಸಲ್ಲಿ ಐತಿ.

ಊರಿಗೆ ಬಂದು ಮೂರು ದಿನ ಕಟ್ಟೆ ಇಳಿಯೋಕೂ ಗೋಡೆ ಹಿಡೀಬೇಕಿತ್ತು. ಎರಡನೇ ದಿನವೇ ನೋವು ಜಾಸ್ತಿ. ಮನೆಯಾಕಿ ಬಿಸಿನೀರು ಹಾಕ್ತಾ "ತುದಿ ಹೆಂಗಿತ್ತು?" ಅಂದಳು. ನೋಡಿಲ್ಲ ಅಂದೆ. "ಅಷ್ಟು ದೂರ ಹೋಗಿ?" ಅಂದಳು. "ಹೂಂ, ಅಷ್ಟು ದೂರ ಹೋಗಿ" ಅಂದೆ.

ಈಗ ಹೊಲದ ಮಾತು. ಜನವರಿಯಲ್ಲಿ ನಾಲ್ಕನೇ ಬೋರು ಹಾಕಿಸಬೇಕು ಅಂತ ನಾನು ಯಾರಿಗೂ ಹೇಳದೆ ಪಾಯಿಂಟ್ ನೋಡಿಸಿಟ್ಟಿದ್ದೆ. ಮೆಕ್ಕೆಜೋಳದ ದುಡ್ಡು ಅದಕ್ಕೇ ಅಂತ ತೆಗೆದಿಟ್ಟಿದ್ದೆ. ಮಗನಿಗೂ ಗೊತ್ತಿರಲಿಲ್ಲ. ಮೊನ್ನೆ ಫೋನ್ ಮಾಡಿ ಅವನಿಗೆ ಹೇಳಿದೆ, ಬೋರಿನೋನಿಗೂ ಬರಬೇಡ ಅಂತ ಹೇಳಿದೆ. ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸೋಣ ಅಂತ ನಿನ್ನೆ ಹಗ್ಗ ಹಿಡಿದು ಅಳತೆ ಹಾಕಿದೀನಿ. ಈ ಬೇಸಿಗೆಗೆ ಅದರಿಂದ ಉಪಯೋಗ ಇಲ್ಲ, ಮಳೆ ಬಂದ ಮೇಲೆ ತಾನೇ ತುಂಬೋದು. ಅಲ್ಲೀತನಕ ಅಡಿಕೆ ಗಿಡ ಉಳೀತಾವೋ ಇಲ್ವೋ ಗೊತ್ತಿಲ್ಲ. ಬುಡಕ್ಕೆ ಮೆಕ್ಕೆಜೋಳದ ರವದಿ ದಪ್ಪಗೆ ಹಾಸಿ, ಇರೋ ನೀರನ್ನ ಚೆನ್ನಾಗಿರೋ ಗಿಡಕ್ಕಷ್ಟೇ ಕೊಡ್ತಿದೀನಿ. ಉಳಿದಿದ್ದನ್ನ ಬಿಟ್ಟೀನಿ. ದಿನಾ ಅವುಗಳ ಮುಂದೆ ಹಾದು ಹೋಗೋವಾಗ ಸಂಕಟ ಆಗುತ್ತೆ, ಆದ್ರೂ ನಿಲ್ಲಲ್ಲ.

ನಿಮ್ಮಲ್ಲಿ ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಕ್ಸಿದೋರು ಇದ್ರೆ, ಅದು ಎಷ್ಟು ವರ್ಷ ಬಾಳಿಕೆ ಬಂತು, ಇಲಿ ಹೆಗ್ಗಣದ ಕಾಟ ಹೆಂಗೆ ತಡೆದ್ರಿ ಅಂತ ದಯವಿಟ್ಟು ತಿಳಿಸ್ರಿ. ಸುತ್ತ ಬೇಲಿ ಹಾಕೋದು ಮಾತ್ರ ಮರೀಬಾರದು ಅಂತ ನನಗೂ ಗೊತ್ತು, ಮಕ್ಕಳು ಓಡಾಡೋ ಜಾಗ.

ಮಗ ಮುಂದಿನ ವರ್ಷ ಬೀದಳ್ಳಿ ಕಡೆಯಿಂದ ಹೋಗೋಣ ಅಂದಾನೆ. ಮೊಣಕಾಲು ಏನನ್ನುತ್ತೋ ನೋಡೋಣ. ಅದಕ್ಕಿಂತ ಮುಂಚೆ ಭರತ ಹುಣ್ಣಿಮೆಗೆ ಊರಿಗೆ ಬರ್ತಾನಂತೆ, ಇಬ್ಬರೂ ಉಚ್ಚಂಗಿಗೆ ಹೋಗಿ ಬರ್ತೀವಿ.

ಎಲ್ಲರಿಗೂ ಒಳ್ಳೇದಾಗ್ಲಿ.